ಹೂಂ ಅಂದ ಮೇಲೆ

ಕಾಲೇಜಿನಲ್ಲಿ ಅವರಿಗಾಗಿ ಶೋಕಸಭೆ ಇಟ್ಟಾಗ ನನಗೆ ಎರಡು ಮಾತಾಡಲು ಹೇಳಿದರು. ಹಳೆಯ ಸಹೋದ್ಯೋಗಿ, ಒಂದೇ ಭಾಷೆಯವರು, ನೀವೇ ಸರಿ ಅಂದರು. ಎದ್ದು ನಿಂತು ಮರಾಠಿಯಲ್ಲಿ, ಇವರು ಪ್ರಾಣಿಶಾಸ್ತ್ರ ವಿಭಾಗದ ಪ್ರಯೋಗಾಲಯದಲ್ಲಿ ಬಹಳ ವರ್ಷ ದುಡಿದರು, ತಡವಾಗಿ ಪಿಎಚ್.ಡಿ. ಮಾಡಿದರು, ವಿದ್ಯಾರ್ಥಿಗಳಿಗೆ ಬೇಕಾದವರಾಗಿದ್ದರು ಎಂದೆಲ್ಲ ಹೇಳಿ ಕೂತೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ಮಾತುಗಳಲ್ಲಿ ಅವರೂ ಇರಲಿಲ್ಲ. ಮನೆಗೆ ಬರುವಾಗ ಲೋಕಲ್ ರೈಲುಗಾಡಿಯಲ್ಲಿ ಅದೇ ಚುಚ್ಚುತ್ತಿತ್ತು.

ಅವರು ಉಡುಪಿಯ ಕಡೆಯವರು. ಶಾಲೆಗೆ ಹೋಗುವ ವಯಸ್ಸಿನಲ್ಲೇ ಮುಂಬಯಿ ಪಕ್ಕದ ಡೊಂಬಿವಲಿಗೆ ಬಂದವರು. ಅಣ್ಣನದು ಕಲ್ಯಾಣದಲ್ಲಿ ಹೋಟೆಲು. ಇವರು ಮದುವೆಯಾಗಲಿಲ್ಲ, ಯಾಕೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನಾನು ಗದಗಿನ ಕಡೆಯವನು, ಠಾಣೆಯ ಅದೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ನಾನು ಅವರನ್ನು ‘ಅಕ್ಕಾರ’ ಅನ್ನುತ್ತಿದ್ದೆ. ಅವರು ನನ್ನನ್ನು ಸ್ಟಾಫ್‌ರೂಮಿನಲ್ಲಿ ‘ಸರ್’ ಎಂದೂ ಹೊರಗೆ ‘ಮಾರಾಯ್ರೆ’ ಎಂದೂ ಕರೆಯುತ್ತಿದ್ದರು.

ಡೊಂಬಿವಲಿಯಿಂದ ಠಾಣೆಗೆ ಬರುವ ಫಾಸ್ಟ್ ಗಾಡಿ ಗುಡ್ಡದ ಸುರಂಗದೊಳಗೆ ನುಗ್ಗುತ್ತದೆ. ಸ್ಲೋ ಗಾಡಿ ಮಾತ್ರ ಮುಂಬ್ರಾದ ಹತ್ತಿರ ಖಾಡಿಯ ಪಕ್ಕದಲ್ಲೇ ಸಾಗುತ್ತದೆ. ಖಾಡಿ ಅಂದರೆ ಸಮುದ್ರ ಊರೊಳಗೆ ಚಾಚಿದ ಕೆಸರು ನೀರಿನ ತೋಳು. ಎಷ್ಟೇ ತಡವಾಗಿರಲಿ ಅವರು ಸ್ಲೋ ಗಾಡಿಯೇ ಹತ್ತುವವರು. ಲೇಡೀಸ್ ಡಬ್ಬಿಯಲ್ಲಿ ಯಾರ ಬೆನ್ನಿಗೋ ಮೂಗು ತಾಗಿಸಿಕೊಂಡು ನಿಂತಿದ್ದರೂ ಮುಂಬ್ರಾ ಬಂದಾಗ ಹೇಗೋ ಬಾಗಿಲ ಕಡೆಗೆ ತಿರುಗಿರುತ್ತಿದ್ದರು. ‘ಇವತ್ತು ನೀರು ಇಳಿದಿತ್ತು,’ ಎಂದು ಕಾಲೇಜಿಗೆ ಬಂದು ನನಗೆ ಹೇಳುವರು, ಊರಿಂದ ಯಾರದೋ ಕ್ಷೇಮ ಸಮಾಚಾರ ತಂದವರ ಹಾಗೆ. ಸಂಜೆ ಮರಳುವಾಗ ಯೋಚನೆಯಲ್ಲಿ ಡೊಂಬಿವಲಿ ದಾಟಿಬಿಡುತ್ತಿದ್ದದ್ದೂ ಉಂಟು. ಒಮ್ಮೆ ಬದ್ಲಾಪುರದ ತನಕ ಹೋಗಿದ್ದರು. ಇಳಿದು, ಅಲ್ಲಿಯ ಪ್ಲಾಟ್‌ಫಾರ್ಮಿನಲ್ಲಿ ಚಹಾ ಕುಡಿದು, ಎದುರು ಗುಡ್ಡದ ಮೇಲೆ ಮೋಡ ಇಳಿಯುವುದನ್ನು ನೋಡಿ ಬಂದರಂತೆ. ‘ತಪ್ಪಿ ಹೋದದ್ದೇ ಒಳ್ಳೆಯದಾಯಿತು,’ ಅಂದರು.

ರಜೆಯ ದಿನ ಅವರನ್ನು ಕಾಣಬೇಕಾದರೆ ಖಾಡಿಯ ಕೆಸರಿಗೇ ಹೋಗಬೇಕಿತ್ತು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ತಲೆಗೆ ಟವೆಲ್ ಸುತ್ತಿ, ಮ್ಯಾಂಗ್ರೋವ್ ಗಿಡಗಳ ನಡುವೆ ಕದಲದೆ ನಿಂತಿರುತ್ತಿದ್ದರು. ಅಲ್ಲಿ ಒಂದು ಜಾತಿಯ ಮೀನು ಇದೆ. ಇಲ್ಲಿಯ ಮೀನುಗಾರ ಹೆಂಗಸರು ಅದನ್ನು ನಿವಟಿ ಅನ್ನುತ್ತಾರೆ. ನೀರು ಇಳಿದಾಗ ಕೆಸರಿನ ಮೇಲೆ ಎದ್ದು ಬಂದು, ಎದೆಯ ರೆಕ್ಕೆಗಳ ಮೇಲೆ ತೆವಳುತ್ತ, ಉಬ್ಬಿದ ಕಣ್ಣು ಹೊರಳಿಸಿ ಲೋಕವನ್ನು ನೋಡುತ್ತದೆ. ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಮಧ್ಯಾಹ್ನದ ಬಿಸಿಲು, ದೂರದಲ್ಲಿ ಹೈಟೆನ್ಷನ್ ತಂತಿಯ ಕಂಬಗಳು, ಅವುಗಳ ಕೆಳಗೆ ತೆಳು ಗುಲಾಬಿ ಗೆರೆ ಎಳೆದ ಹಾಗೆ ಫ್ಲೆಮಿಂಗೋ ಹಕ್ಕಿಗಳು. ಎಲ್ಲಿಂದಲೋ ಕಾರ್ಖಾನೆಯ ಸೈರನ್ ಕೇಳಿ ನಿಂತಿತು. ಆ ಮೇಲೆ ಎಷ್ಟು ನಿಶ್ಶಬ್ದವಾಯಿತೆಂದರೆ ಕೆಸರಿನಲ್ಲಿ ಗುಳ್ಳೆ ಒಡೆಯುವುದೂ ಕೇಳುತ್ತಿತ್ತು. ಅವರು ಪಿಸುಗುಟ್ಟಿದರು: ‘ನೋಡಿ, ಅದು ನಮ್ಮನ್ನು ನೋಡ್ತಾ ಇದೆ. ಇವರು ಯಾರು, ನೀರೊಳಗೂ ಇಲ್ಲ, ನೆಲದ ಮೇಲೂ ಸರಿಯಾಗಿ ನಿಲ್ಲಲಿಕ್ಕೆ ಬರುವುದಿಲ್ಲ ಅಂತ.’

ಮುಂಬಯಿಯನ್ನು ಮುಳುಗಿಸಿದ ಆ ಜುಲೈ ಮಳೆಯ ಮರುವರ್ಷ, ನಲವತ್ತು ದಾಟಿದ ಮೇಲೆ, ಅವರು ಪಿಎಚ್.ಡಿ.ಗೆ ಅರ್ಜಿ ಹಾಕಲು ಹೊರಟರು. ಎರಡು ಕಡೆ ಹಾಕಿದರು. ಒಂದು ನವಿ ಮುಂಬಯಿಯ ಬೇಲಾಪುರದ ಹತ್ತಿರದ ಸಣ್ಣ ಸಂಶೋಧನಾ ಕೇಂದ್ರ. ಇನ್ನೊಂದು ದೂರದ ಕಡಲೂರಿನ ದೊಡ್ಡ ಸಂಸ್ಥೆ, ಹೆಸರು ಬೇಡ. ಆ ದೊಡ್ಡ ಸಂಸ್ಥೆಗೆ ತನ್ನದೇ ಹಡಗಿತ್ತು. ಸಂಶೋಧನೆಗೆ ಸೇರಿದವರನ್ನು ಅದರಲ್ಲಿ ಕೂರಿಸಿ ನಡುಕಡಲಿಗೆ ಕರೆದೊಯ್ಯುತ್ತಿದ್ದರು. ‘ನೆಲವೇ ಕಾಣದ ಹಾಗೆ ತಿಂಗಳುಗಟ್ಟಲೆ ಇರಬೇಕು ಮಾರಾಯ್ರೆ,’ ಎಂದು ಹೇಳುವಾಗ ಅವರ ಕಣ್ಣು ಸ್ಟಾಫ್‌ರೂಮಿನ ಗೋಡೆಯನ್ನು ತೂರಿಕೊಂಡು ಎಲ್ಲಿಗೋ ಹೋಗಿರುತ್ತಿತ್ತು.

ಅರ್ಜಿಯ ಜೊತೆ ವಿಭಾಗದ ಮುಖ್ಯಸ್ಥರ ಶಿಫಾರಸು ಬೇಕಿತ್ತು. ‘ನೀವೇ ಬರೆದುಕೊಂಡು ಬನ್ನಿ, ಸಹಿ ಹಾಕುತ್ತೇನೆ,’ ಅಂದರು ಮುಖ್ಯಸ್ಥರು. ಎಲ್ಲರೂ ಹಾಗೇ ಮಾಡುವುದು. ಅಕ್ಕಾರು ಮರುದಿನ ಖಾಲಿ ಕಾಗದ ಹಿಡಿದುಕೊಂಡು ಹೋದರು. ‘ನನ್ನ ಬಗ್ಗೆ ನಾನೇ ಬರೆದರೆ ಒಳ್ಳೆಯದನ್ನೇ ಬರೆಯುತ್ತೇನೆ ಸರ್. ಅವರು ಕೇಳಿದ್ದು ನಿಮ್ಮನ್ನು.’ ಮುಖ್ಯಸ್ಥರಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಕೂತು ಬರೆದರು. ಅದರಲ್ಲಿ ಒಂದು ಸಾಲನ್ನು ನನಗೆ ಆಮೇಲೆ ಅಕ್ಕಾರೇ ನಗುತ್ತ ಹೇಳಿದರು: ಈಕೆ ಕೆಲಸಕ್ಕೆ ತಡವಾಗಿ ಬರುತ್ತಾರೆ, ಬಂದ ಮೇಲೆ ಹೋಗುವುದಿಲ್ಲ.

ಅರ್ಜಿಯಲ್ಲಿ ಇನ್ನೊಂದು ಪ್ರಶ್ನೆಯಿತ್ತು. ಹಿಂದೆ ಎಲ್ಲಾದರೂ ಸಂಶೋಧನೆಗೆ ಸೇರಿ ಅರ್ಧಕ್ಕೆ ಬಿಟ್ಟಿದ್ದೀರಾ, ಬಿಟ್ಟಿದ್ದರೆ ಕಾರಣವೇನು. ಅವರು ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸಿನಲ್ಲಿ ಎಂ.ಫಿಲ್.ಗೆ ಸೇರಿ ಬಿಟ್ಟಿದ್ದರು. ಯಾರಿಗೂ ನೆನಪಿಲ್ಲದ ಸಂಗತಿ. ನಾವು ಆ ದಿನ ಕಲ್ಯಾಣದಲ್ಲಿ ಅವರ ಅಣ್ಣನ ಹೋಟೆಲಿನಲ್ಲಿ ಕೂತಿದ್ದೆವು. ಅಣ್ಣ ಗಲ್ಲಾ ಬಿಟ್ಟು ಎದ್ದು ಬಂದು ಅರ್ಜಿಯನ್ನು ನೋಡಿದರು.

‘ಇಲ್ಲ ಅಂತ ಬರೆ. ಯಾರು ಹುಡುಕ್ಲಿಕ್ಕೆ ಹೋಗ್ತಾರೆ?’ ಅಂದರು. ತಂಗಿ ತಲೆಯಾಡಿಸಿದ್ದು ಕಂಡು, ‘ಹಾಗಾದ್ರೆ ಅಮ್ಮನಿಗೆ ಹುಷಾರಿರಲಿಲ್ಲ ಅಂತ ಬರೆ. ಅದು ಸುಳ್ಳಲ್ಲವಲ್ಲ. ಆ ವರ್ಷ ಅವಳು ಆಸ್ಪತ್ರೆಯಲ್ಲೇ ಇದ್ದಳು,’ ಅಂದರು.

‘ಅಮ್ಮನಿಗೆ ಹುಷಾರಿರಲಿಲ್ಲ, ಹೌದು. ನಾನು ಬಿಟ್ಟದ್ದು ಅದಕ್ಕಲ್ಲ,’ ಅಂದರು ಇವರು. ‘ಅವಳ ಕಾಯಿಲೆಯನ್ನು ನಾನು ಇಲ್ಲಿ ಖರ್ಚು ಮಾಡುವುದಾ ಅಣ್ಣ?’

ಅಣ್ಣ ಒಂದು ಇಡ್ಲಿ ವಡೆ ಕಳಿಸಿ ಗಲ್ಲಾಕ್ಕೆ ಮರಳಿದರು. ಅವರ ತಾಯಿ ಆಗ ತೀರಿಹೋಗಿ ಬಹಳ ವರ್ಷವಾಗಿತ್ತು. ಇವರು ಬರೆದದ್ದು ಇಷ್ಟು: ಬಾಟಲಿಯಲ್ಲಿಟ್ಟ ಸತ್ತ ಕಪ್ಪೆಗಳ ಮೇಲೆ ಕೆಲಸ ಕೊಟ್ಟಿದ್ದರು. ನನಗೆ ಹಿಡಿಸಲಿಲ್ಲ. ಒಂದು ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ಯಾರಿಗೂ ಹೇಳದೆ ಬಿಟ್ಟೆ. ಹೇಳಬೇಕಿತ್ತು.

ನಾನು ಅದನ್ನು ಎರಡು ಸಲ ಓದಿದೆ. ‘ಅಕ್ಕಾರ, ಇದನ್ನ ಓದಿ ಯಾರ್ ತೊಗೋತಾರ ನಿಮ್ಮನ್ನ?’ ಅಂದೆ. ‘ಇದನ್ನು ಓದಿಯೂ ತಗೊಳ್ಳುವವರು ಇದ್ದರೆ ಹೋಗುವುದು,’ ಅಂದರು.

ಬೇಲಾಪುರದ ಕೇಂದ್ರದವರು ಸಂದರ್ಶನಕ್ಕೆ ಕರೆದರು. ಅಲ್ಲಿಯ ಹಿರಿಯ ಪ್ರಾಧ್ಯಾಪಕರೊಬ್ಬರು, ಮರಾಠಿಯವರು, ಆ ಸಾಲುಗಳ ಮೇಲೆಯೇ ಬೆರಳಿಟ್ಟರಂತೆ. ‘ಇಲ್ಲೂ ಒಂದು ದಿನ ಬರದೆ ಬಿಟ್ಟರೆ?’ ‘ಆಗ ಸತ್ತದ್ದನ್ನು ಕೊಟ್ಟಿದ್ದರು ಸರ್. ಬದುಕಿದ್ದನ್ನು ಕೊಟ್ಟರೆ ಬರುತ್ತೇನೆ.’ ಪ್ರಾಧ್ಯಾಪಕರು ಕನ್ನಡಕ ತೆಗೆದು ಒರೆಸಿಕೊಂಡು, ಬೇರೆ ಎಲ್ಲಿ ಅರ್ಜಿ ಹಾಕಿದ್ದೀರಿ ಎಂದು ಕೇಳಿದರು. ಇವರು ಹಡಗಿನ ಸಂಸ್ಥೆಯ ಹೆಸರು ಹೇಳಿದರು.

‘ಅಲ್ಲಿ ಸಿಕ್ಕರೆ?’

‘ನಿಮಗೆ ಹೂಂ ಅನ್ನುವ ಮೊದಲು ಸಿಕ್ಕರೆ ಹೋಗುತ್ತೇನೆ. ಹೂಂ ಅಂದ ಮೇಲೆ ಸಿಕ್ಕರೆ ಹೋಗುವುದಿಲ್ಲ.’

ಈ ಮಾತನ್ನು ಅವರು ನನಗೆ ಹೇಳಿದ್ದು ಕಾಲೇಜಿನಿಂದ ಠಾಣೆ ಸ್ಟೇಷನ್ನಿಗೆ ನಡೆದು ಬರುವಾಗ. ಫುಟ್‌ಪಾತಿನಲ್ಲಿ ಮಲ್ಲಿಗೆ ಮಾರುವವಳ ಹತ್ತಿರ ನಿಂತು ಮೊಗ್ಗು ಆರಿಸುತ್ತ, ಹವಾಮಾನ ಹೇಳಿದಷ್ಟೇ ಸಹಜವಾಗಿ ಹೇಳಿದರು. ಆಗ ಅದು ನನಗೂ ಅಂಥ ದೊಡ್ಡ ಮಾತೇನೂ ಅನ್ನಿಸಲಿಲ್ಲ.

ಬೇಲಾಪುರದಿಂದ ಫೋನು ಬಂತು. ಒಂದೇ ಜಾಗ, ಅದು ನಿಮಗೆ, ಯೋಚಿಸಿ ಹೇಳಿ ಅಂದರು. ಹಡಗಿನ ಸಂಸ್ಥೆಯಲ್ಲಿ ಅವರ ಹೆಸರು ಕಾಯುವ ಪಟ್ಟಿಯಲ್ಲಿ ಎಲ್ಲೋ ಕೆಳಗಿತ್ತು. ಅಲ್ಲಿ ಸಿಗುವ ಆಸೆಯನ್ನು ಆ ಹೊತ್ತಿಗೆ ಅವರೇ ಬಿಟ್ಟಿದ್ದರು. ಒಂದು ದಿನ ಕಳೆದು, ಹೂಂ ಅಂದರು. ನಾವೆಲ್ಲ ಸ್ಟಾಫ್‌ರೂಮಿನಲ್ಲಿ ಪೇಡೆ ತಿಂದೆವು.

‘ಇನ್ನು ಹಡಗಿನವರಿಗೆ ತಿಳಿಸಬೇಕು, ನನ್ನ ಹೆಸರು ತೆಗೀರಿ ಅಂತ,’ ಅಂದರು. ಮನೆಯಲ್ಲಿ ಕಂಪ್ಯೂಟರ್ ಇಲ್ಲ; ಡೊಂಬಿವಲಿ ಸ್ಟೇಷನ್ನಿನ ಹೊರಗೆ ಸೈಬರ್ ಕೆಫೆಯಿತ್ತು, ಅಲ್ಲಿಂದ ಇಮೇಲ್ ಮಾಡಬೇಕು. ‘ಕಳಿಸಿದಿರೇನ್ರಿ?’ ಎಂದು ಕೇಳಿದರೆ, ‘ಇವತ್ತು ಹೋಗ್ತೇನೆ,’ ಅನ್ನುವರು. ಮರುದಿನ, ಅಲ್ಲಿ ಜನ ತುಂಬಾ ಇದ್ದರು ಅನ್ನುವರು. ಅದರ ಮರುದಿನ ಕರೆಂಟು ಇರಲಿಲ್ಲ. ಹೀಗೆ ಎರಡು ವಾರ ಹೋಯಿತು. ಅವರಂಥವರಿಗೂ ಒಂದು ಬಾಗಿಲನ್ನು ಪೂರ್ತಿ ಮುಚ್ಚಲು ಕೈ ಬರಲಿಲ್ಲ. ಆ ದಿನಗಳಲ್ಲಿ ಪ್ರಯೋಗಾಲಯದ ಕಿಟಕಿಯ ಬಳಿ ನಿಂತು ಹೊರಗಿನ ಮಳೆಯನ್ನೇ ನೋಡುತ್ತಿದ್ದರು.

ಆಗ ಹಡಗಿನ ಸಂಸ್ಥೆಯಿಂದ ಫೋನು ಬಂತು. ಮೇಲಿದ್ದ ಯಾರು ಯಾರೋ ಬಿಟ್ಟು, ಪಟ್ಟಿ ಅವರ ತನಕ ಇಳಿದಿತ್ತು.

ಅವರು ನನ್ನ ಕ್ಲಾಸಿನ ಬಾಗಿಲಿಗೆ ಬಂದು ನಿಂತರು. ಎಂದೂ ಹಾಗೆ ಬಂದವರಲ್ಲ. ಮುಖ ಕೆಂಪಾಗಿ, ಮದುವೆ ಹೆಣ್ಣಿನ ಹಾಗೆ ಕಾಣುತ್ತಿದ್ದರು. ‘ಕರೆದರು,’ ಅಂದರು, ಅಷ್ಟೇ. ಮರುಕ್ಷಣ ಆ ಕೆಂಪು ಇಳಿದುಹೋಯಿತು. ‘ನಾನು ಹೇಳದೆ ಇದ್ದದ್ದಕ್ಕೆ ಕರೆದರು ಮಾರಾಯ್ರೆ. ಎರಡು ವಾರ ನಾನು ಸುಳ್ಳು ಹೇಳಿದ ಹಾಗೆ ಆಯ್ತು, ಇವರಿಗೂ ಅವರಿಗೂ.’

‘ಅಕ್ಕಾರ, ಹೋಗಿಬಿಡ್ರಿ. ಇಂಥಾದ್ದು ಮತ್ತ ಬರಂಗಿಲ್ಲ,’ ಅಂದೆ. ಅಣ್ಣನೂ ಅದನ್ನೇ ಅಂದರು. ಬೇಲಾಪುರದವರಿಗೆ ಆರೋಗ್ಯ ಸರಿಯಿಲ್ಲ ಅಂತ ಹೇಳು, ಯಾರು ಡಾಕ್ಟರ್ ಚೀಟಿ ಕೇಳ್ತಾರೆ ಅಂದರು. ಇವರು ಅದನ್ನು ಕೇಳಿಸಿಕೊಂಡಂತೆಯೂ ಕಾಣಲಿಲ್ಲ. ಸೀದಾ ಬೇಲಾಪುರಕ್ಕೆ ಹೋಗಿ ಪ್ರಾಧ್ಯಾಪಕರ ಎದುರು ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು: ನನ್ನ ಹೆಸರು ತೆಗೆಸಬೇಕಿತ್ತು, ತೆಗೆಸಲಿಲ್ಲ, ಈಗ ಕರೆದಿದ್ದಾರೆ, ನನಗೆ ಆಸೆಯಾಗಿದೆ.

ಪ್ರಾಧ್ಯಾಪಕರು ದೊಡ್ಡ ಮನುಷ್ಯ. ‘ಹೋಗಿ. ಹಿಡಿದಿಟ್ಟುಕೊಂಡು ನಾನೇನು ಮಾಡಲಿ? ನಿಮ್ಮ ನಂತರ ಒಬ್ಬ ಹುಡುಗಿ ಇದ್ದಳು. ನೀವು ಹೂಂ ಅಂದ ದಿನ ಅವಳಿಗೆ ಇಲ್ಲ ಅಂದೆ. ಅವಳನ್ನು ಕೇಳೋಣ,’ ಅಂದರು.

‘ನಾನೇ ಹೋಗಿ ಕೇಳುತ್ತೇನೆ,’ ಅಂದರು ಇವರು.

ಆ ಭಾನುವಾರ ನನ್ನನ್ನೂ ಜೊತೆಗೆ ಕರೆದರು. ಹುಡುಗಿಯ ಮನೆಯವರು ಕಲಬುರಗಿಯ ಕಡೆಯವರು, ಅವರ ಮಾತು ನಿಮಗೆ ಹತ್ತಿರ, ನನ್ನದು ಅವರಿಗೆ ಅರ್ಥ ಆಗ್ಲಿಕ್ಕಿಲ್ಲ ಅಂದರು. ಮನೆ ಕಾಮೋಠೆಯಲ್ಲಿ. ಠಾಣೆಯಿಂದ ವಾಶಿ, ಅಲ್ಲಿ ಗಾಡಿ ಬದಲಿಸಿ ಮಾನಸರೋವರ ಅನ್ನುವ ಸ್ಟೇಷನ್ನು. ಅಂಥ ಹೆಸರಿನ ಸ್ಟೇಷನ್ನಿನಲ್ಲಿ ಇಳಿದರೆ ಸುತ್ತ ಕಂಡದ್ದು ಅರ್ಧ ಎದ್ದ ಕಟ್ಟಡಗಳು, ಬಿದಿರು ಕಟ್ಟಿದ ಗೋಡೆಗಳು, ಮಳೆ ನೀರು ನಿಂತ ಹೊಂಡಗಳು. ಹೊಂಡಗಳಲ್ಲಿ ಆಕಾಶ ಬಿದ್ದಿತ್ತು. ಅಕ್ಕಾರು ಅವನ್ನು ನೋಡಿಕೊಂಡು ನಡೆದರು, ಹೆಜ್ಜೆಯಲ್ಲಿ ಹುಡುಗಿಯರ ಹುರುಪಿತ್ತು.

ಕಟ್ಟುತ್ತಿದ್ದ ಒಂದು ಬಿಲ್ಡಿಂಗಿನ ಕೆಳಗಿನ ಕೋಣೆಯಲ್ಲಿ ಆ ಸಂಸಾರ. ತಂದೆ ಗಾರೆ ಕೆಲಸಕ್ಕೆಂದು ಬಂದು ಈಗ ಅಲ್ಲೇ ವಾಚ್‌ಮನ್ ಆಗಿದ್ದವರು. ನನ್ನ ಮಾತು ಕಿವಿಗೆ ಬಿದ್ದದ್ದೇ ಅವರ ಮುಖ ಅರಳಿತು. ‘ಬರ್ರಿ ಸಾಹೇಬ್ರ, ಕೂಡ್ರಿ. ನಮ್ ಕಡಿ ಮಾತ್ ಕೇಳಿ ಭಾಳ್ ದಿನ ಆಗಿತ್ರಿ,’ ಅಂದರು. ಬಂದ ಕಾರಣ ಹೇಳಿದಾಗ ಬಾಗಿಲ ಕಡೆ ಒಮ್ಮೆ ನೋಡಿದರು. ‘ಇಲ್ಲ ಅಂತ ಫೋನ್ ಬಂದ್ ದಿನ ಪೋರಿ ಗ್ವಾಡಿ ಕಡಿ ಮಾರಿ ಮಾಡಿ ಮಕ್ಕೊಂತ್ರಿ. ಎರಡ್ ದಿನಾ ಉಣ್ಣಲಿಲ್ಲ. ನಮಗ್ ತಿಳಿಯಂಗಿಲ್ಲ ಈ ಓದಿನ್ ಮಾತು. ಆಕಿ ಅಳದೊಂದ್ ತಿಳಿತದ್ರಿ.’

ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಸುನೀತಾ ಎಂದು ಹೆಸರು. ತೆಳ್ಳಗೆ, ಎರಡು ಜಡೆ, ಇಲ್ಲೇ ಹುಟ್ಟಿದವಳು. ಕನ್ನಡ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಹಿಂದಿ. ಅಕ್ಕಾರು ಅವಳ ಕೈ ಹಿಡಿದು, ನಾನು ಬಿಡುತ್ತಿದ್ದೇನೆ, ಜಾಗ ನಿನಗೆ ಸಿಗಬಹುದು ಅಂದಾಗ ಅವಳು, ‘ಸಚ್ ಆಂಟಿ?’ ಅಂದಳು. ಮತ್ತೆ ಒಳಗೆ ಓಡಿಹೋದಳು. ಒಳಗಿಂದ ಪಾತ್ರೆ ಬಿದ್ದ ಸದ್ದು ಬಂತು, ತಾಯಿ ನಕ್ಕ ಸದ್ದು ಬಂತು. ನಮಗೆ ಚಹಾ ಬಂತು, ಜೊತೆಗೆ ಪಕ್ಕದ ಅಂಗಡಿಯಿಂದ ತರಿಸಿದ ಬಿಸ್ಕಿಟು.

ಮರಳುವಾಗ ವಾಶಿಯ ತನಕ ಅಕ್ಕಾರು ಮಾತಾಡುತ್ತಲೇ ಇದ್ದರು. ಹಡಗಿನಲ್ಲಿ ಬೆಳಗ್ಗೆ ಎದ್ದ ಕೂಡಲೇ ಯಾವ ಬಣ್ಣ ಕಾಣುತ್ತದೋ ಅಂದರು. ಅವರು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಮತ್ತೆ ನೋಡಲಿಲ್ಲ.

ಸೋಮವಾರ ಪ್ರಾಧ್ಯಾಪಕರ ಫೋನು ಬಂತು. ಆಫೀಸಿನಲ್ಲಿ ವಿಚಾರಿಸಿದ್ದರು. ಆ ವರ್ಷದ ಫೆಲೋಶಿಪ್ ಇವರ ಹೆಸರಿಗೇ ಮಂಜೂರಾಗಿ ಬಂದಿದೆ. ಇವರು ಬಿಟ್ಟರೆ ಅದು ಇನ್ನೊಬ್ಬರಿಗೆ ಹೋಗುವುದಿಲ್ಲ, ಬಂದಲ್ಲಿಗೇ ವಾಪಸ್ ಹೋಗುತ್ತದೆ. ಮೊದಲೇ ತಿಳಿದಿದ್ದರೆ ಹೆಸರು ಬದಲಿಸಬಹುದಿತ್ತು, ಈಗ ಆಗುವುದಿಲ್ಲ. ‘ಆದರೂ ನೀವು ಹೋಗಿ. ಇದ್ದರೂ ಹೋದರೂ ಆ ಹುಡುಗಿಗಂತೂ ಸಿಗುವುದಿಲ್ಲ. ನೀವು ಹೋಗುವುದರಿಂದ ಯಾರಿಗೂ ನಷ್ಟವಿಲ್ಲ,’ ಅಂದರು.

ಅಣ್ಣನೂ ಇದೇ ಲೆಕ್ಕ ಹೇಳಿದರು. ನಾನೂ ಹೇಳಿದೆ. ಈಗಂತೂ ದಾರಿ ಸಾಫ್ ಆತಲ್ರಿ ಅಂದೆ. ನಾವು ಪ್ರಯೋಗಾಲಯದಲ್ಲಿದ್ದೆವು. ಅವರು ಮೀನಿನ ತೊಟ್ಟಿಯ ನೀರು ಬದಲಿಸುತ್ತಿದ್ದರು. ಕೈ ನಿಂತಿತು.

‘ಹಾಗಾದರೆ ಅವಳು ಅತ್ತದ್ದು ಯಾತಕ್ಕೆ?’

ಅವರು ನನ್ನ ಕಡೆ ತಿರುಗಿದರು.

‘ನಾನು ಹೂಂ ಅಂದೆ ಅಂತ ಅವಳಿಗೆ ಇಲ್ಲ ಅಂದರು. ಎರಡು ದಿನ ಊಟ ಬಿಟ್ಟಳು. ಅದು ಸಾಲದು ಅಂತ ನಾನು ಮೊನ್ನೆ ಹೋಗಿ ಅವಳನ್ನು ನಗಿಸಿ ಬಂದೆ. ಈಗ ನಾನೂ ಹೋದರೆ ಆ ಜಾಗದಲ್ಲಿ ಯಾರೂ ಇರುವುದಿಲ್ಲ. ಯಾರಿಗೂ ಇಲ್ಲದ ಜಾಗಕ್ಕೆ ಅವಳು ಅತ್ತ ಹಾಗೆ ಆಗ್ತದೆ, ಅಲ್ವಾ?’

ತೊಟ್ಟಿಯ ಅಂಚಿಗೆ ಹಣೆ ಆನಿಸಿ ಸ್ವಲ್ಪ ಹೊತ್ತು ನಿಂತರು. ಅತ್ತರೋ ಏನೋ, ಮುಖ ಎತ್ತಿದಾಗ ಗಲ್ಲ ಒದ್ದೆಯಾಗಿತ್ತು, ಅದು ತೊಟ್ಟಿಯ ನೀರೂ ಇರಬಹುದು. ಆಮೇಲೆ ಸೀರೆಗೆ ಕೈ ಒರೆಸಿಕೊಂಡು ನನ್ನ ಎದುರಿಗೇ ಹಡಗಿನ ಸಂಸ್ಥೆಗೆ ಫೋನ್ ಮಾಡಿದರು. ಅಲ್ಲಿಂದ ಕಾರಣ ಕೇಳಿದರು ಅನ್ನಿಸುತ್ತದೆ. ‘ನಾನು ಇನ್ನೊಂದು ಕಡೆ ಒಪ್ಪಿಕೊಂಡಾಗಿದೆ. ನಿಮಗೆ ಆವತ್ತೇ ತಿಳಿಸಬೇಕಿತ್ತು, ತಿಳಿಸಲಿಲ್ಲ,’ ಅಂದರು ಇಂಗ್ಲಿಷಿನಲ್ಲಿ. ಆ ಕಡೆಯವರು ಒರಟಾಗಿಯೇ ಇಟ್ಟಿರಬೇಕು. ಫೋನನ್ನು ಕಿವಿಯಿಂದ ತೆಗೆದು ಅದನ್ನೇ ನೋಡುತ್ತ, ‘ನನ್ನ ಕೆಳಗೆ ಇದ್ದವರು ಯಾರೋ, ಇವತ್ತು ಮನೆಯಲ್ಲಿ ಕುಣಿಯುತ್ತಾರೆ,’ ಅಂದರು.

ಕಾಮೋಠೆಗೆ ಎರಡನೆಯ ಸಲ ಒಬ್ಬರೇ ಹೋದರು. ನಾನು ಬರುತ್ತೇನೆ ಅಂದರೂ ಬೇಡ ಅಂದರು. ಅಲ್ಲಿ ಏನಾಯಿತೆಂದು ಪೂರ್ತಿ ಹೇಳಲಿಲ್ಲ. ಸುನೀತಾ ಬಾಗಿಲಿಗೇ ಬರಲಿಲ್ಲವಂತೆ. ತಂದೆ ಮಾತ್ರ ಕೊಡೆ ಹಿಡಿದು ಸ್ಟೇಷನ್ನಿನವರೆಗೆ ಬಿಟ್ಟು ಹೋದರಂತೆ.

ಮರುವರ್ಷ ಸುನೀತಾ ಮತ್ತೆ ಅರ್ಜಿ ಹಾಕಿದಳು, ಅದೇ ಕೇಂದ್ರಕ್ಕೆ, ಈ ಸಲ ಅವಳಿಗೇ ಸಿಕ್ಕಿತು. ಇಬ್ಬರ ಮೇಜು ಅಕ್ಕಪಕ್ಕ. ಇದನ್ನು ಕೇಳಿ ನನಗೆ ಎಲ್ಲ ಸುಖಾಂತವಾಯಿತು ಅನ್ನಿಸಿತ್ತು. ಹಾಗೇನೂ ಆಗಲಿಲ್ಲ. ಮೊದಲ ವರ್ಷ ಆ ಹುಡುಗಿಯದು ಇವರ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತು. ಟಿಫಿನ್ನು ಬೇರೆ ಕೂತು ತಿನ್ನುತ್ತಿದ್ದಳು. ‘ನಾನಾದರೂ ಹಾಗೇ ಮಾಡ್ತಿದ್ದೆ,’ ಅನ್ನುವರು ಇವರು. ಒಂದು ದಿನ ಖಾಡಿಯಲ್ಲಿ ನೀರು ಏರುವ ಹೊತ್ತಿಗೆ ಇವರ ಎರಡೂ ಕಾಲು ಕೆಸರಿನಲ್ಲಿ ಹೂತು, ಎಷ್ಟು ಎಳೆದರೂ ಬರಲಿಲ್ಲ. ಸುನೀತಾ ಹಲಗೆ ಹಾಕಿ, ಹೊಟ್ಟೆಯ ಮೇಲೆ ಮಲಗಿ, ಕಂಕುಳಿಗೆ ಕೈ ಕೊಟ್ಟು ಎಳೆದಳು. ಬಂದದ್ದು ಅಕ್ಕಾರು ಮಾತ್ರ, ಚಪ್ಪಲಿ ಅಲ್ಲೇ. ಇಬ್ಬರೂ ಕೆಸರು ಮೆತ್ತಿಕೊಂಡು ಬಿದ್ದಲ್ಲಿ, ಒಂದು ನಿವಟಿ ಹತ್ತಿರ ಬಂದು ಎರಡೂ ಮುಖಗಳನ್ನು ಸಾವಕಾಶವಾಗಿ ನೋಡಿ ಹೋಯಿತಂತೆ. ಸುನೀತಾಳಿಗೆ ನಗು ತಡೆಯಲಾಗಲಿಲ್ಲ. ಅವತ್ತು ಇಬ್ಬರೂ ಒಂದೇ ಡಬ್ಬಿಯಿಂದ ರೊಟ್ಟಿ ತಿಂದರು.

ಸುನೀತಾ ಇವರಿಗಿಂತ ಮೊದಲೇ ಡಾಕ್ಟರೇಟ್ ಮುಗಿಸಿದಳು. ಇವರಿಗೆ ಬಹಳ ವರ್ಷ ಹಿಡಿಯಿತು. ಕಾಲೇಜಿನ ಕೆಲಸವೂ ಇತ್ತು, ಜೊತೆಗೆ ಒಂದು ಮೀನು ಬಿಲದಿಂದ ಹೊರಬರುವುದನ್ನು ಕಾಯುತ್ತ ಇಡೀ ಮಧ್ಯಾಹ್ನ ಕಳೆಯುವ ಅಭ್ಯಾಸ. ಪ್ರಬಂಧ ಒಪ್ಪಿಸಿದ ದಿನ ಅಣ್ಣ ಹೋಟೆಲಿನಲ್ಲಿ ಎಲ್ಲ ಗಿರಾಕಿಗಳಿಗೂ ಶೀರಾ ಕೊಟ್ಟರು. ಆ ಪ್ರಬಂಧದಿಂದ ಅವರಿಗೆ ದೊಡ್ಡ ಹೆಸರೇನೂ ಬರಲಿಲ್ಲ. ಆದರೆ ಬೇಲಾಪುರದ ಕೇಂದ್ರದವರು ಪ್ರತಿ ವರ್ಷ ಸಂದರ್ಶನದ ಸಮಯಕ್ಕೆ ಅವರನ್ನು ಕರೆದು ಕೂರಿಸಿಕೊಳ್ಳುತ್ತಿದ್ದರು.

ಅಲ್ಲಿ ಅವರು ಮಾಡುತ್ತಿದ್ದದ್ದನ್ನು ಸುನೀತಾ ನನಗೆ ಹೇಳಿದ್ದಾಳೆ. ಅವಳೀಗ ಅಲ್ಲೇ ಅಧ್ಯಾಪಕಿ. ಮಕ್ಕಳು ಕೋಚಿಂಗ್ ಕ್ಲಾಸಿನಲ್ಲಿ ಬಾಯಿಪಾಠ ಮಾಡಿಸಿದ್ದನ್ನು ಒಪ್ಪಿಸುತ್ತಿದ್ದರೆ ಇವರು ಕಿಟಕಿಯ ಹೊರಗೆ ನೋಡುತ್ತಿದ್ದರಂತೆ. ಕೊನೆಯಲ್ಲಿ ಒಂದೇ ಪ್ರಶ್ನೆ: ಬೇರೆ ಎಲ್ಲಿ ಅರ್ಜಿ ಹಾಕಿದ್ದೀರಿ? ಹೆದರಿ, ಎಲ್ಲೂ ಇಲ್ಲ ಅನ್ನುವವರೇ ಹೆಚ್ಚು. ‘ಹಾಕಿ, ತಪ್ಪಲ್ಲ. ಹತ್ತು ಕಡೆ ಹಾಕಿ. ಒಂದು ಕಡೆ ಹೂಂ ಅಂದ ದಿನವೇ ಉಳಿದವರಿಗೆಲ್ಲ ಇಲ್ಲ ಅಂತ ಹೇಳಿಬಿಡಿ. ಅವತ್ತೇ ಹೇಳಿ. ಮರುದಿನ ಕಷ್ಟ ಆಗ್ತದೆ, ಅದರ ಮರುದಿನ ಇನ್ನೂ ಕಷ್ಟ. ನಾನು ಮಾಡಿ ನೋಡಿದ್ದೇನೆ,’ ಅನ್ನುವರಂತೆ. ಹಿಂದೆ ಎಲ್ಲೋ ಸೇರಿ ಬಿಟ್ಟ ಸಂಗತಿ ಮುಚ್ಚಿಟ್ಟ ಒಬ್ಬ ಹುಡುಗ ಸಿಕ್ಕಿಬಿದ್ದಾಗ, ಉಳಿದವರು ಅವನ ಅರ್ಜಿ ತೆಗೆದೇ ಹಾಕಿದರು. ಇವರು ತಡೆಯಲಿಲ್ಲ. ಹೊರಗೆ ಬಂದು, ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದ ಅವನ ಪಕ್ಕ ಕೂತು, ತನ್ನ ಸತ್ತ ಕಪ್ಪೆಗಳ ಕತೆ ಹೇಳಿ, ‘ಮುಂದಿನ ವರ್ಷ ಬಾ, ಬರೆದುಕೊಂಡು ಬಾ,’ ಅಂದರಂತೆ. ಅವನು ಬಂದನೋ ಇಲ್ಲವೋ ಸುನೀತಾಳಿಗೆ ನೆನಪಿಲ್ಲ.

ಕೊನೆಯ ವರ್ಷ ಅವರ ಆರೋಗ್ಯ ಕೆಟ್ಟಾಗ ಅಣ್ಣನ ಮಗ ಠಾಣೆಯ ವರ್ತಕ ನಗರದ ತನ್ನ ಫ್ಲ್ಯಾಟಿಗೆ ಕರೆದುಕೊಂಡು ಬಂದ. ಅಲ್ಲಿಂದ ಖಾಡಿ ಕಾಣುವುದಿಲ್ಲ. ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸುತ್ತಿದ್ದರು. ನಾನು ಹೋದ ದಿನ ಚಳಿಗಾಲದ ಮಧ್ಯಾಹ್ನ. ಕೆಳಗೆ ಸೊಸೈಟಿಯ ಮಕ್ಕಳು ಕ್ರಿಕೆಟ್ ಆಡುತ್ತಿದ್ದರು, ಎದುರಿನ ಗುಡ್ಡದ ಮೇಲೆ ಹೊಗೆಯಂಥ ಬೆಳಕಿತ್ತು. ಶಾಲು ಹೊದ್ದು, ಬಹಳ ಸಣ್ಣಗಾಗಿ ಕೂತಿದ್ದರು. ಕೈ ಮಾತ್ರ ಹಾಗೇ ಇತ್ತು, ಉಗುರಿನ ಸಂದಿಯಲ್ಲಿ ಕಪ್ಪು ಗೆರೆ.

ಬಹಳ ಹೊತ್ತು ಅದೂ ಇದೂ ಮಾತಾಡಿದೆವು. ಇಷ್ಟು ವರ್ಷ ನಾಲಿಗೆಯ ತುದಿಯಲ್ಲಿದ್ದದ್ದನ್ನು ಆಗ ಕೇಳಿದೆ.

‘ಅಕ್ಕಾರ, ಹಡಗಿಗೆ ಹೋಗಲಿಲ್ಲಂತ ಎಂದಾದ್ರೂ ಬ್ಯಾಸರಾ ಆಗೇದೇನ್ರಿ?’

ಇಲ್ಲ ಅನ್ನುತ್ತಾರೆ ಎಂದುಕೊಂಡಿದ್ದೆ. ಹಾಗೆ ಅನ್ನಲಿ ಎಂದು ಬಯಸಿಯೇ ಕೇಳಿದ್ದೆ, ಅವರಿಗೆ ಸಮಾಧಾನವಾಗಲಿ ಅಂತ.

‘ಆಗಿದೆ ಮಾರಾಯ್ರೆ. ತುಂಬಾ ಆಗಿದೆ. ಈಗಲೂ ಆಗ್ತದೆ,’ ಅಂದರು. ‘ಬೆಳಗ್ಗಿನ ಹೊತ್ತು ಜಾಸ್ತಿ.’

‘ಹಂಗಾರ ಹೋಗಬೇಕಾಗಿತ್ತು ನೀವು,’ ಅಂದೆ.

‘ಹಾಗೆ ನಾನು ಹೇಳಲಿಲ್ಲ. ಬೇಸರ ಆಗ್ತದೆ ಅಂತ ಮಾತ್ರ ಹೇಳಿದೆ.’

ಕೆಳಗೆ ಯಾರೋ ಔಟಾಗಿ ದೊಡ್ಡ ಗಲಾಟೆಯೆದ್ದಿತು. ಅವರು ಬಗ್ಗಿ ನೋಡಿ, ಆ ಹುಡುಗಿ ಔಟಾಗಿಲ್ಲ, ಸುಮ್ಮನೆ ಕೂಗುತ್ತಿದ್ದಾರೆ ಅಂದರು. ಆಮೇಲೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಬಿಸಿಲು ಅವರ ಮುಖದ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಮಲಗಿದರು ಎಂದುಕೊಂಡು ಸದ್ದಾಗದಂತೆ ಚಪ್ಪಲಿಗೆ ಕಾಲು ಹಾಕಿದೆ.

‘ಕೂತುಕೊಳ್ಳಿ,’ ಅಂದರು, ಕಣ್ಣು ತೆರೆಯದೆಯೇ. ‘ನಿದ್ದೆ ಬಂದರೆ ನಾನೇ ಹೇಳ್ತೇನೆ.’